ನಿಮಗಿದು ಗೊತ್ತೇ? ಅಪರಾಧಕ್ಕೂ ಒಂದು ಡಿಗ್ರಿ!

ಯಲಹಂಕದ ಹುಡುಗಿಯೊಬ್ಬಳು ಪಿಯುಸಿ ಮುಗಿಸಿ ‘ಕ್ರಿಮಿನಾಲಜಿ ಓದ್ತೀನಿ’ ಅಂದರೆ ಮನೆಯವರ ಕಣ್ಣಮುಂದೆ ಬರುವುದು ಭೂತಗನ್ನಡಿ ಹಿಡಿದ ಪತ್ತೇದಾರ. ಆದರೆ ರಕ್ತದ ಕಲೆ, ಬೆರಳಚ್ಚು, ಡಿಎನ್‌ಎ ಎಲ್ಲ ವಿಧಿವಿಜ್ಞಾನದ ಪಾಲು. ಕ್ರಿಮಿನಾಲಜಿ, ಅಂದರೆ ಅಪರಾಧಶಾಸ್ತ್ರ, ಕೇಳುವುದು ಬೇರೆಯದನ್ನು: ಯಾಕೆ ಮಾಡಿದ? ಅದೇ ಬಡಾವಣೆಯಲ್ಲೇ ಯಾಕೆ ಹೆಚ್ಚು? ಜೈಲಿಗೆ ಹಾಕಿದರೆ ತಿದ್ದಿಕೊಳ್ಳುತ್ತಾನಾ? ನೆಟ್ ಪರೀಕ್ಷೆಯಲ್ಲೂ ಇವೆರಡು ಪ್ರತ್ಯೇಕ ವಿಷಯಗಳು.

ದೇಶದಲ್ಲಿ ಅಪರಾಧಶಾಸ್ತ್ರವನ್ನು ಮೊದಲು ಪದವಿ ತರಗತಿಗೆ ತಂದ ಕೀರ್ತಿ ಮಧ್ಯಪ್ರದೇಶದ ಸಾಗರ ವಿಶ್ವವಿದ್ಯಾಲಯದ್ದು, 1959ರಲ್ಲಿ. ನಮ್ಮಲ್ಲಿ? ಬೆಂಗಳೂರಿನವರು ಬೀಗುವಂತಿಲ್ಲ. ಈ ವಿಷಯಕ್ಕೆ ಹೆಸರಾದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರಿನ ಮಹಾರಾಜ ಕಾಲೇಜು, ಮಂಗಳೂರಿನ ರೋಶನಿ ನಿಲಯ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲೂ ಇದಕ್ಕೊಂದು ವಿಭಾಗವಿದೆ.

ಈ ಶಾಸ್ತ್ರಕ್ಕೊಂದು ನಾಚಿಕೆಗೇಡಿನ ಬಾಲ್ಯವಿದೆ. ಇಟಲಿಯ ವೈದ್ಯ ಲೊಂಬ್ರೊಸೊ 1876ರ ತನ್ನ ಪುಸ್ತಕದಲ್ಲಿ ತಲೆಬುರುಡೆ, ದವಡೆಗಳ ಅಳತೆಯಿಂದಲೇ ಹುಟ್ಟು ಅಪರಾಧಿಯನ್ನು ಗುರುತಿಸಬಹುದೆಂದು ವಾದಿಸಿದ. ಅದಕ್ಕೂ ಐದು ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷರು ಇಲ್ಲಿ ‘ಅಪರಾಧಿ ಬುಡಕಟ್ಟುಗಳ ಕಾಯ್ದೆ’ ತಂದು, ಇಡೀ ಸಮುದಾಯಗಳಿಗೇ ಕಳ್ಳರ ಪಟ್ಟ ಕಟ್ಟಿದ್ದರು. ಹುಬ್ಬಳ್ಳಿಯಲ್ಲಿ ಇಂದಿಗೂ ‘ಸೆಟ್ಲ್‌ಮೆಂಟ್’ ಅನ್ನುವ ಪ್ರದೇಶವಿದೆಯಲ್ಲ, ಅದು ಹಾಗೆ ಪಟ್ಟ ಕಟ್ಟಿಸಿಕೊಂಡವರನ್ನು ಇರಿಸಿದ್ದ ಜಾಗ. ಕಾಯ್ದೆ ರದ್ದಾಗಿದ್ದು ಸ್ವಾತಂತ್ರ್ಯ ಬಂದು ಐದು ವರ್ಷದ ನಂತರ, 1952ರಲ್ಲಿ.

ಕೋರಮಂಗಲದಲ್ಲಿ ಜೈಲಿದೆ! ಸಾಫ್ಟ್‌ವೇರಿನವರ ಕೋರಮಂಗಲವಲ್ಲ, ಯಲಹಂಕ ದಾಟಿ ಮುಂದೆ, ದೇವನಹಳ್ಳಿ ತಾಲ್ಲೂಕಿನ ಹಳ್ಳಿ. ರಾಜ್ಯದ ಬಯಲು ಬಂದೀಖಾನೆ ಇರುವುದು ಅಲ್ಲಿ. ಬೇರೆ ಜೈಲುಗಳಲ್ಲಿ ಒಳ್ಳೆಯ ನಡತೆ ತೋರಿದ ಕೈದಿಗಳನ್ನು ಆರಿಸಿ ಇಲ್ಲಿಗೆ ಕಳಿಸುತ್ತಾರೆ. ಅವರು ಹೊಲಗೆಲಸ ಮಾಡುತ್ತಾರೆ. ದಂಡನಶಾಸ್ತ್ರದ ಪಾಠ ಓದುವ ಉತ್ತರ ಬೆಂಗಳೂರಿನ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಪಾಠಶಾಲೆ ಬೇರೆಲ್ಲಿದೆ?

ಪೊಲೀಸ್ ವ್ಯವಸ್ಥೆಯೂ ಈ ಓದಿನ ಭಾಗ. ಯಶವಂತಪುರದಲ್ಲಿ ರೈಲು ಹತ್ತುವಾಗ ಮೊಬೈಲ್ ಹೋಯಿತು ಅನ್ನಿ. ದೂರು ಯಾರಿಗೆ? ರೈಲ್ವೆ ಪೊಲೀಸರಿಗೆ. ಅವರು ರಾಜ್ಯದ ಪೊಲೀಸರು. ಅದೇ ಪ್ಲಾಟ್‌ಫಾರ್ಮಿನಲ್ಲಿ ಓಡಾಡುವ ಆರ್‌ಪಿಎಫ್‌ನವರು ಕೇಂದ್ರದವರು. ರೈಲ್ವೆಯ ಆಸ್ತಿ, ಪ್ರಯಾಣಿಕರ ಸುರಕ್ಷತೆ ಅವರ ಹೊಣೆ.

ಪೊಲೀಸರ ಮಾತು ಬಂದಾಗ ಇನ್ನೊಂದು: ದೇಶದ ಮೊದಲ ಸೈಬರ್ ಅಪರಾಧ ಠಾಣೆ ತೆರೆದದ್ದು ಬೆಂಗಳೂರಿನಲ್ಲೇ, 2001ರಲ್ಲಿ.

ಮಂಪರು ಪರೀಕ್ಷೆ ನೆನಪಿದೆಯೇ? ಒಂದು ಕಾಲಕ್ಕೆ ಬೆಂಗಳೂರು ಅದಕ್ಕೇ ಹೆಸರುವಾಸಿ. ಛಾಪಾ ಕಾಗದ ಹಗರಣದ ತೆಲಗಿಗೂ ಇಲ್ಲಿ ಅದು ನಡೆದಿತ್ತು, ಟಿವಿಯವರಿಗೆ ಹಬ್ಬ. ಅದಕ್ಕೆ ಲಗಾಮು ಹಾಕಿದ ಸುಪ್ರೀಂ ಕೋರ್ಟಿನ ತೀರ್ಪಿನ ಹೆಸರಲ್ಲೂ ನಮ್ಮ ರಾಜ್ಯವೇ ಇದೆ: ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’, 5 ಮೇ 2010. ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಂಪರು, ಪಾಲಿಗ್ರಾಫ್, ಮಿದುಳು ಪರೀಕ್ಷೆ ನಡೆಸುವಂತಿಲ್ಲ ಎಂದಿತು ಕೋರ್ಟು. ದೇಶದುದ್ದಕ್ಕೂ ಕಾನೂನು ತರಗತಿಗಳಲ್ಲಿ ಇದು ಪಾಠ.

ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಸೆಕ್ಷನ್ ಪ್ರಕಾರ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧ ನಡೆದಲ್ಲಿಗೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಗಡುವು. ಕೆಲಸ ಹುಡುಕುವವರು ಗಮನಿಸಿ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲೇ ಅಡಿಗಲ್ಲು ಬಿದ್ದಿದೆ.

ಅವೆನ್ಯೂ ರಸ್ತೆಯಲ್ಲಿ ಹಳೇ ಐಪಿಸಿ ಪುಸ್ತಕ ಅಗ್ಗಕ್ಕೆ ಸಿಕ್ಕರೆ ಬಿಡಬೇಡಿ. ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈಗ ಕೊಲೆ 302 ಅಲ್ಲ, 103. ‘ಫೋರ್‌ಟ್ವೆಂಟಿ’ಗಳೆಲ್ಲ 318ಕ್ಕೆ ಹಿಂಬಡ್ತಿ ಪಡೆದಿದ್ದಾರೆ. ಆದರೆ ಹೊಸ ಸಂಹಿತೆ ಜಾರಿಯಾದ 1 ಜುಲೈ 2024ಕ್ಕೆ ಮುಂಚೆ ನಡೆದ ಅಪರಾಧಗಳಿಗೆ ಇವತ್ತಿಗೂ ಹಳೇ ಸೆಕ್ಷನ್‌ಗಳೇ. ಹಾಗಾಗಿ ಈಗ ಓದುವವರು ಎರಡೂ ಸಂಖ್ಯೆ ಬಾಯಿಪಾಠ ಮಾಡಲೇಬೇಕು.