ಮುಂದೆ ಕೂರುವ ಮೊದಲು
ಹುಬ್ಬಳ್ಳಿಯ ಸಂದರ್ಶನವೊಂದರಲ್ಲಿ ‘ತಂಡ ನಡೆಸಿದ ಅನುಭವ ಇದೆಯಾ?’ ಎಂದು ಕೇಳಿದರು. ‘ಇಲ್ಲ ಸರ್’ ಅಂದೆ. ಕುಂದಗೋಳಕ್ಕೆ ವಾಪಸ್ ಬರುವ ಬಸ್ಸಿನಲ್ಲಿ ನೆನಪಾಯಿತು: ಮೂರು ವರ್ಷದಿಂದ ನಮ್ಮೂರ ಭಜನಾ ಮೇಳಕ್ಕೆ ನಾನೇ ಮುಂದಾಳು! ಆರ್ಕೆಸ್ಟ್ರಾಕ್ಕೆ ಕೋಲು ಹಿಡಿದ ಕಂಡಕ್ಟರ್ ಇರುತ್ತಾರೆ. ಮೇಳಕ್ಕೆ ಮುಂದೆ ಹಾಡುವವನ ಕೈ, ಕಣ್ಣೇ ಕಂಡಕ್ಟರ್.

ಮೊದಲ ಸ್ಪರ್ಧೆಯಲ್ಲಿ ಗಡಿಬಿಡಿಗೆ ಲಯ ಓಡಿಸಿದ್ದೆ. ತಾಳದವರು ಹಿಂದುಳಿದರು, ಹಾರ್ಮೋನಿಯಂ ಇನ್ನೆಲ್ಲೋ. ತಬಲಾ ಕಾಕಾ ಠೇಕಾ ನಿಧಾನಿಸಿ ಮಾನ ಉಳಿಸಿದರು. ‘ಹಾಡೂದು ಕಲ್ತೀ, ಕೇಳೂದು ಕಲ್ತಿಲ್ಲಪಾ’ ಅಂದರು.

ಇದೇ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕಲಿಯುವಾಗ ಭೀಮಸೇನ ಜೋಶಿ ನೀರು ಹೊತ್ತರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತರು. ಗುರುವಿನ ಹಿಂದೆ ತಂಬೂರಿ ಹಿಡಿದು ಕೂತವರೇ ಮುಂದೆ ಬರುವ ರೂಢಿ. ನಾನು ಆ ಮೆಟ್ಟಿಲು ಹಾರಿದ್ದೆ.

ಈಗ ವಾರಕ್ಕೊಮ್ಮೆ ಹಿಂದೆ ಕೂತು ತಾಳ ಹಾಕುತ್ತೇನೆ. ಬಯೋಡೇಟಾಗೆ ಮೇಳದ ಹೆಸರೂ ಸೇರಿದೆ. ಮುಂದಿನ ಸಂದರ್ಶನ ಸೋಮವಾರ.