ಗಡಿಯೊಳಗೆ ಗಡಿ: ಲೋಕದ ಎರಡು ವಿಚಿತ್ರ ಸೀಮೆಗಳು

ಗಡಿನಾಡಿನಲ್ಲಿ ಬಾಳುವ ನಮಗೆ ಸೀಮಾರೇಖೆ ದಿನನಿತ್ಯದ ಸಂಗತಿ. ಆದರೂ ಎರಡು ದೇಶಗಳ ಗಡಿ ಮನೆಗಳ ನಡುವೆಯೇ ಹಾದುಹೋಗುವ ಊರೊಂದಿದೆ ಎಂದರೆ ನಮಗೂ ಅಚ್ಚರಿಯಾಗದಿರದು.

ಆ ಊರು ನೆದರ್ಲೆಂಡ್ಸ್‌ನ ದಕ್ಷಿಣದಲ್ಲಿರುವ ಬಾರ್ಲೆ. ಅಲ್ಲಿ ಬೆಲ್ಜಿಯಂಗೆ ಸೇರಿದ 22 ತುಂಡು ನೆಲಗಳನ್ನು ನೆದರ್ಲೆಂಡ್ಸ್‌ನ ಭೂಮಿ ಸುತ್ತುವರಿದಿದೆ. ಆ ತುಂಡುಗಳೊಳಗೆ ಮತ್ತೆ ನೆದರ್ಲೆಂಡ್ಸ್‌ಗೆ ಸೇರಿದ 7 ತುಂಡುಗಳಿವೆ. ಮಧ್ಯಯುಗದ ಪ್ರಭುಗಳು ಹೊಲಗದ್ದೆಗಳನ್ನು ಹಂಚಿಕೊಂಡ ಬಗೆಯೇ ಇದಕ್ಕೆ ಮೂಲ. ಕಾಲುದಾರಿಯ ಮೇಲೆ ಬಿಳಿಯ ಗುರುತುಗಳು ಗಡಿಯನ್ನು ತೋರಿಸುತ್ತವೆ. ಗಡಿಯ ಮೇಲಿರುವ ಮನೆಯ ಮುಂಬಾಗಿಲು ಯಾವ ದೇಶದಲ್ಲಿದೆಯೋ ಆ ಮನೆ ಆ ದೇಶದ್ದೆಂಬುದು ಅಲ್ಲಿನ ವಾಡಿಕೆ. ಪುರಸಭೆಗಳು ಎರಡಾದರೂ ಜನರಾಡುವ ಭಾಷೆ ಒಂದೇ, ಡಚ್. ಗ್ರಂಥಾಲಯವೂ ಇಬ್ಬರಿಗೂ ಒಂದೇ.

ಇದಕ್ಕಿಂತಲೂ ಜಟಿಲವಾದ ಗಡಿ ನಮ್ಮ ದೇಶದಲ್ಲಿಯೇ ಇತ್ತು. ಪಶ್ಚಿಮ ಬಂಗಾಳದ ಕೂಚ್ ಬಿಹಾರದ ಆಸುಪಾಸಿನಲ್ಲಿ ಭಾರತದ 111 ತುಂಡು ನೆಲಗಳು ಬಾಂಗ್ಲಾದೇಶದೊಳಗೂ, ಬಾಂಗ್ಲಾದೇಶದ 51 ತುಂಡುಗಳು ಭಾರತದೊಳಗೂ ಸಿಲುಕಿದ್ದವು. ಅವುಗಳಲ್ಲಿ ದಹಲಾ ಖಾಗ್ರಾಬಾಡಿ ಎಂಬುದು ಲೋಕಕ್ಕೇ ಅಪೂರ್ವ: ಬಾಂಗ್ಲಾದೇಶದೊಳಗೆ ಭಾರತ, ಅದರೊಳಗೆ ಬಾಂಗ್ಲಾದೇಶ, ಮತ್ತೆ ಅದರೊಳಗೆ ಭಾರತದ ಎರಡು ಎಕರೆಗೂ ಕಡಿಮೆಯ ಒಂದು ಹೊಲ!

ಭೂಪಟದಲ್ಲಿ ವಿನೋದವೆನಿಸುವ ಈ ಸಂಗತಿ ಅಲ್ಲಿನ ಜನರಿಗೆ ಸಂಕಟವಾಗಿತ್ತು. ಭಾರತದ ನಡುವಿನ ಬಾಂಗ್ಲಾ ತುಂಡುಗಳಲ್ಲಿದ್ದವರಿಗೆ ಯಾವ ದೇಶದ ದಾಖಲೆಯೂ ಕೈಸೇರುತ್ತಿರಲಿಲ್ಲ. ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸಲು ಅನೇಕರು ಭಾರತೀಯನಾದ ಪರಿಚಿತನೊಬ್ಬನ ಹೆಸರನ್ನು ತಂದೆಯ ಹೆಸರೆಂದು ಬರೆಸಬೇಕಾಗುತ್ತಿತ್ತು. 2015ರ ಜುಲೈ 31ರ ನಡುರಾತ್ರಿ ಎರಡೂ ದೇಶಗಳು ಈ ತುಂಡುಗಳನ್ನು ವಿನಿಮಯ ಮಾಡಿಕೊಂಡವು. ಅಲ್ಲಿದ್ದ 50,000ಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಮಂದಿ ತಮ್ಮ ಮನೆಗಳಲ್ಲಿಯೇ ಉಳಿದರು. ಬದಲಾದುದು ಕಾಲಕೆಳಗಿನ ದೇಶ.

ಜನ ಕದಲದೆ ಗಡಿ ಕದಲುವುದು ನಮಗೂ ತಿಳಿದ ಮಾತೇ. 1956ರ ನವೆಂಬರ್ 1ರಂದು ಕಾಸರಗೋಡಿನ ಹಿರಿಯರು ಇದ್ದಲ್ಲಿಯೇ ಇದ್ದು ಮದರಾಸು ರಾಜ್ಯದಿಂದ ಕೇರಳಕ್ಕೆ ಸೇರಿದರು. ಅದೇ ದಿನ ಜಾರಿಗೆ ಬಂದ ಸಂವಿಧಾನದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ತಕ್ಕ ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ವಿಧಿಸಿತು.

ಕೂಚ್ ಬಿಹಾರದ ಆ ತಂದೆಯರಿಗೆ ಶಾಲೆಯ ಅರ್ಜಿಯಲ್ಲಿ ತಮ್ಮ ಹೆಸರನ್ನೇ ಬರೆಸಲಾಗಲಿಲ್ಲ. ನಮಗೆ ಮಗುವಿನ ಮಾತೃಭಾಷೆ ಕನ್ನಡವೆಂದು ಬರೆಸುವ ಹಕ್ಕಿದೆ. ಮುಂದಿನ ಪ್ರವೇಶದ ದಿನಗಳಲ್ಲಿ ಆ ಸ್ಥಳವನ್ನು ನಾವು ಖಾಲಿ ಬಿಡದಿರೋಣ.