ಹಳೆಯ ಪೆಟ್ರೋಲ್ ಪಿಕ್‌ಅಪ್‌ಗೆ ಡೀಸೆಲ್ ಇಂಜಿನ್: ಜೋಡಿಸುವ ಮುನ್ನ ತಿಳಿಯಬೇಕಾದುದು

ಮಲೆನಾಡಿನ ಕಾಫಿ, ಅಡಿಕೆ ತೋಟಗಳ ಷೆಡ್ಡುಗಳಲ್ಲಿ ಹಳೆಯ ಪೆಟ್ರೋಲ್ ಜೀಪುಗಳೂ ಅದೇ ಇಂಜಿನ್ ಹೊತ್ತ ಮಹೀಂದ್ರ ಎಫ್.ಸಿ. ಪಿಕ್‌ಅಪ್‌ಗಳೂ ಅಲ್ಲೊಂದು ಇಲ್ಲೊಂದು ಇಂದಿಗೂ ಉಳಿದಿವೆ. ಎಫ್.ಸಿ. ಎಂದರೆ ಮೂತಿಯಿಲ್ಲದ ಗಾಡಿ. ಚಾಲಕನ ಕೋಣೆ ತೀರ ಮುಂದಿದ್ದು ಇಂಜಿನ್ ಆಸನಗಳ ನಡುವೆ ಕುಳಿತಿರುತ್ತದೆ. ಇವುಗಳ ಚಾಸಿ ಗಟ್ಟಿ, ಕೆಸರಿನ ಏರಿನಲ್ಲಿ ಗೊಬ್ಬರದ ಹೇರು ಎಳೆಯುವ ಕಸುವೂ ಇದೆ. ಆದರೆ ಇಂಜಿನ್ ಸವೆದಿರುತ್ತದೆ, ಬಿಡಿಭಾಗ ಸುಲಭವಾಗಿ ಸಿಗುವುದಿಲ್ಲ, ಪೆಟ್ರೋಲ್ ಖರ್ಚಂತೂ ಕೇಳುವುದೇ ಬೇಡ. ಹಳೆಯ ಇಂಜಿನ್ ಇಳಿಸಿ ಡೀಸೆಲ್ ಇಂಜಿನ್ ಕೂರಿಸಿದರೆ ಹೇಗೆ ಎಂದು ರೈತರು ಕೇಳುವುದು ಸಹಜ.

ಇದು ಹೊಸ ಯೋಚನೆಯೇನಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಬೆಲೆ ಏರಿದಾಗ ಸಣ್ಣ ಪಟ್ಟಣಗಳ ವರ್ಕ್‌ಷಾಪುಗಳಲ್ಲೂ ಈ ಕೆಲಸ ನಡೆಯಿತು. ತಯಾರಕರೂ ಅದೇ ಹಾದಿ ಹಿಡಿದರು. ಬಿ-275 ಟ್ರಾಕ್ಟರಿನ ಇಂಟರ್‌ನ್ಯಾಷನಲ್ ಡೀಸೆಲ್ ಇಂಜಿನ್ ಜೀಪಿಗೆ ಬಂತು. 1980ರ ದಶಕದಲ್ಲಿ 2112 ಸಿ.ಸಿ.ಯ ಪೂಜೋ ಎಕ್ಸ್.ಡಿ.ಪಿ. 4.90 ಇಂಜಿನ್ ಬಂತು. ಆದ್ದರಿಂದ ಕೆಲಸ ಆಗುತ್ತದೆಯೇ ಎಂಬ ಅನುಮಾನ ಬೇಡ. ಎಷ್ಟೋ ಗಾಡಿಗಳಲ್ಲಿ ಇಂಜಿನ್ ಒಂದನ್ನೇ ಬದಲಿಸಿ ಉಳಿದದ್ದನ್ನು ಹಾಗೆಯೇ ಬಿಟ್ಟದ್ದರಿಂದ ತೊಂದರೆ ಹುಟ್ಟಿದೆ. ಗಾಡಿ ಓಡುತ್ತದೆ, ಆದರೆ ಓಡಬೇಕಾದಂತೆ ಓಡುವುದಿಲ್ಲ.

ಕಾರಣ ತಿಳಿಯಲು ಎರಡು ಇಂಜಿನ್‌ಗಳ ಸ್ವಭಾವ ಗಮನಿಸಬೇಕು. ಜೀಪಿನ ಹರಿಕೇನ್ ಪೆಟ್ರೋಲ್ ಇಂಜಿನ್ 2199 ಸಿ.ಸಿ.ಯದು, ನಿಮಿಷಕ್ಕೆ ಸುಮಾರು 4000 ಸುತ್ತು ತಿರುಗಬಲ್ಲುದು. ಅದಕ್ಕೆ ಹೊಂದುವಂತೆ ಅಚ್ಚಿನೊಳಗಿನ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳನ್ನು ಸಾಮಾನ್ಯವಾಗಿ 5.38ರ ಅನುಪಾತದಲ್ಲಿ ಇಟ್ಟಿದ್ದಾರೆ. ಅಂದರೆ ಪ್ರೊಪೆಲ್ಲರ್ ಷಾಫ್ಟ್ 5.38 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. 16 ಇಂಚಿನ ಜೀಪ್ ಟೈರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಸಾಗುತ್ತದೆ. ಲೆಕ್ಕ ಹಾಕಿದರೆ ಟಾಪ್ ಗೇರಿನಲ್ಲಿ 4000 ಸುತ್ತಿಗೆ ಗಂಟೆಗೆ 98 ಕಿ.ಮೀ. ಬರುತ್ತದೆ.

ಈಗ ಅದೇ ಅಚ್ಚಿಗೆ ಟ್ರಾಕ್ಟರ್ ಜಾತಿಯ ಡೀಸೆಲ್ ಇಂಜಿನ್ ಜೋಡಿಸಿದಿರಿ ಎನ್ನೋಣ. ಇದು ನಿಮಿಷಕ್ಕೆ 2000ದಿಂದ 2500 ಸುತ್ತಿನೊಳಗೆ ದುಡಿಯಲು ಹುಟ್ಟಿದ್ದು. 2300 ಸುತ್ತಿಗೆ ಗಾಡಿಯ ವೇಗ 56 ಕಿ.ಮೀ. ಮಾತ್ರ. ಹೆದ್ದಾರಿಯಲ್ಲಿ ಹಿಂದಿನ ಲಾರಿಯವನು ಹಾರ್ನ್ ಬಾರಿಸುತ್ತಲೇ ಇರುತ್ತಾನೆ. ಚಾಲಕ ಆಕ್ಸಿಲರೇಟರನ್ನು ನೆಲಕ್ಕೊತ್ತಿಯೇ ಕೂರುತ್ತಾನೆ. ಕೆಲವು ಮೆಕ್ಯಾನಿಕ್‌ಗಳು ಇದಕ್ಕೆ ಪರಿಹಾರವೆಂದು ಪಂಪಿನ ಗವರ್ನರ್ ಮೊಹರನ್ನು ಒಡೆದು ಸುತ್ತು ಹೆಚ್ಚಿಸಿಕೊಡುತ್ತಾರೆ. ಇದು ಇಂಜಿನ್ನಿಗೆ ವಿಷ ಹಾಕಿದಂತೆ. ಭಾರವಾದ ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡುಗಳು ಆ ವೇಗಕ್ಕೆ ಮಾಡಿದವಲ್ಲ.

ಸರಿಯಾದ ದಾರಿ ಅಚ್ಚಿನ ಅನುಪಾತ ಬದಲಿಸುವುದು. 4.27ರ ಹಲ್ಲುಗಳನ್ನು ಹಾಕಿದರೆ ಅದೇ 2300 ಸುತ್ತಿಗೆ 71 ಕಿ.ಮೀ. ವೇಗ ಸಿಗುತ್ತದೆ, ಇಂಜಿನ್ ಕಿರುಚುವುದಿಲ್ಲ. ಏರಿನಲ್ಲಿ ಎಳೆತ ಸ್ವಲ್ಪ ತಗ್ಗುತ್ತದೆಂಬುದು ನಿಜ. ಆದರೆ ಡೀಸೆಲ್ ಇಂಜಿನ್ ಕಡಿಮೆ ಸುತ್ತಿನಲ್ಲೇ ಹೆಚ್ಚು ತಿರುಚುಬಲ ಕೊಡುವುದರಿಂದಲೂ, ಟ್ರಾನ್ಸ್‌ಫರ್ ಪೆಟ್ಟಿಗೆಯ ಲೋ ಗೇರು ಹೇಗೂ ಇರುವುದರಿಂದಲೂ ಚಿಂತೆಯಿಲ್ಲ. ದೊಡ್ಡ ಟೈರು ಹಾಕಿ ವೇಗ ಹೆಚ್ಚಿಸಿಕೊಳ್ಳುವ ಅಡ್ಡದಾರಿಯೂ ಒಂದಿದೆ. ಬ್ರೇಕಿನ ಮೇಲೆ ಹೊರೆ ಬೀಳುತ್ತದೆ, ನನಗೆ ಅದು ಹಿಡಿಸುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ನಾಲ್ಕೂ ಚಕ್ರಗಳಿಗೆ ಶಕ್ತಿ ಹಾಯುವ ಗಾಡಿಯಲ್ಲಿ ಮುಂದಿನ ಅಚ್ಚನ್ನೂ ಹಿಂದಿನ ಅಚ್ಚನ್ನೂ ಒಂದೇ ಅನುಪಾತಕ್ಕೆ ತರಲೇಬೇಕು. ನನಗೆ ಪರಿಚಯದ ಕಾಫಿ ಬೆಳೆಗಾರರೊಬ್ಬರು ಖರ್ಚು ಉಳಿಸಲು ಹಿಂದಿನ ಅಚ್ಚನ್ನು ಮಾತ್ರ ಬದಲಿಸಿದ್ದರು. ಮುಂದಿನದನ್ನು ವರ್ಷದಲ್ಲಿ ನಾಲ್ಕು ಸಲ ಬಳಸಿದರೆ ಹೆಚ್ಚು, ಅದಕ್ಕೇಕೆ ದುಡ್ಡು ಎಂಬುದು ಅವರ ವಾದ. ಮಳೆಗಾಲ ಬಂತು, ಕೆಸರಿನಲ್ಲಿ ಮುಂದಿನ ಚಕ್ರಗಳ ಲಿವರ್ ಎಳೆದರು, ಗಾಡಿ ದಾಟಿತು. ಲಿವರನ್ನು ಹಾಗೇ ಮರೆತು ಡಾಂಬರು ರಸ್ತೆಗೆ ಬಂದರು. ಷಾಫ್ಟುಗಳು 100 ಸುತ್ತು ತಿರುಗುವಷ್ಟರಲ್ಲಿ ಹಿಂದಿನ ಚಕ್ರಗಳು ಸುಮಾರು 51 ಮೀಟರ್ ಸಾಗಬೇಕು, ಮುಂದಿನವು 41 ಮೀಟರ್ ಮಾತ್ರ. ಕೆಸರಿನಲ್ಲಾದರೆ ಟೈರು ಜಾರಿ ವ್ಯತ್ಯಾಸವನ್ನು ಸರಿದೂಗಿಸುತ್ತದೆ. ಗಟ್ಟಿ ನೆಲದಲ್ಲಿ ಜಾರಲು ಜಾಗವಿಲ್ಲ. ಒತ್ತಡವೆಲ್ಲ ಟ್ರಾನ್ಸ್‌ಫರ್ ಪೆಟ್ಟಿಗೆಗೆ ಬಿದ್ದು, ಕೂಗಳತೆ ದೂರ ಹೋಗುವುದರೊಳಗೆ ಅದರ ಹಲ್ಲು ಮುರಿದು ಹೊದಿಕೆ ಸೀಳಿತು. ಉಳಿಸಿದ ಹಣಕ್ಕಿಂತ ರಿಪೇರಿಯ ಬಿಲ್ಲು ದೊಡ್ಡದಾಯಿತು.

ಇನ್ನು ನಿರ್ವಾತದ ವಿಷಯ. ಪೆಟ್ರೋಲ್ ಇಂಜಿನ್ನಿನ ಗಾಳಿಯ ದಾರಿಯಲ್ಲಿ ಒಂದು ಮುಚ್ಚಳವಿದ್ದು, ಅದು ಮುಚ್ಚಿದಾಗ ಒಳಗಡೆ ನಿರ್ವಾತ ಉಂಟಾಗುತ್ತದೆ. ಸಾಮಾನ್ಯ ಡೀಸೆಲ್ ಇಂಜಿನ್ನಿನಲ್ಲಿ ಆ ಮುಚ್ಚಳವಿಲ್ಲ. ಗಾಳಿ ತಡೆಯಿಲ್ಲದೆ ಹೋಗುತ್ತದೆ, ಆದ್ದರಿಂದ ನಿರ್ವಾತವೂ ಇಲ್ಲ. ಹಳೆಯ ಜೀಪುಗಳಲ್ಲಿ ಗಾಜಿನ ವೈಪರ್ ನಡೆಯುತ್ತಿದ್ದುದು ಈ ನಿರ್ವಾತದಿಂದ. ಡೀಸೆಲ್ ಕೂರಿಸಿದ ಮೊದಲ ಮಳೆಯಲ್ಲಿ ವೈಪರ್ ಅಲುಗದೆ ನಿಲ್ಲುತ್ತದೆ. ಅದಕ್ಕೆ ವಿದ್ಯುತ್ ಮೋಟರು ಹಾಕಿದರಾಯಿತು. ಬ್ರೇಕಿಗೆ ಬೂಸ್ಟರ್ ಇರುವ ಗಾಡಿಯಾದರೆ ಮಾತು ಬೇರೆ. ನಿರ್ವಾತವಿಲ್ಲದೆ ಬೂಸ್ಟರ್ ಕೆಲಸ ಮಾಡುವುದಿಲ್ಲ; ಪೆಡಲ್ ಕಲ್ಲಿನಂತಾಗುತ್ತದೆ, ಹೇರು ತುಂಬಿ ಘಾಟಿ ಇಳಿಯುವಾಗ ಕಾಲಿನ ಬಲ ಸಾಲುವುದಿಲ್ಲ. ಆದುದರಿಂದ ಆಲ್ಟರ್ನೇಟರಿನ ಬೆನ್ನಿಗೆ ನಿರ್ವಾತ ಪಂಪು ಇರುವಂಥದ್ದನ್ನೇ ಕೇಳಿ ಹಾಕಿಸಬೇಕು. ಪಂಪು ಕೆಲಸ ಮಾಡುವುದನ್ನು ಸಮತಟ್ಟಾದ ಮೈದಾನದಲ್ಲಿ ಪರೀಕ್ಷಿಸುವವರೆಗೆ ಗಾಡಿಯನ್ನು ರಸ್ತೆಗೆ ತರಬಾರದು. ಡೀಸೆಲ್ ಇಂಜಿನ್ ಭಾರ ಹೆಚ್ಚಾದುದರಿಂದ ಮುಂದಿನ ಸ್ಪ್ರಿಂಗಿಗೆ ಪಟ್ಟಿ ಸೇರಿಸಿ, ಬ್ರೇಕ್ ಷೂಗಳನ್ನೂ ಆಗಲೇ ಹೊಸದು ಮಾಡಿಸುವುದು ಒಳ್ಳೆಯದು.

ಇಂಜಿನ್ನನ್ನು ಹಳೆಯ ಗೇರು ಪೆಟ್ಟಿಗೆಗೆ ಸೇರಿಸುವ ತಟ್ಟೆಯನ್ನು ಲೇತಿನಲ್ಲಿ ಕಡೆಸುತ್ತಾರೆ. ಕ್ರ್ಯಾಂಕ್ ಷಾಫ್ಟಿನ ನಡುಬಿಂದುವೂ ಗೇರು ಷಾಫ್ಟಿನ ನಡುಬಿಂದುವೂ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗದಷ್ಟು ನಿಖರವಾಗಿ ಕೂಡಬೇಕು. ಕಣ್ಣಳತೆ ಸಾಲದು, ಡಯಲ್ ಗೇಜ್ ಇಟ್ಟು ನೋಡಬೇಕು. ಗೇಜ್ ಇಲ್ಲದ ವರ್ಕ್‌ಷಾಪಿಗೆ ಈ ಕೆಲಸ ಕೊಡಬೇಡಿ. ಉಳಿದಂತೆ ದೊಡ್ಡ ರೇಡಿಯೇಟರ್, 12 ವೋಲ್ಟಿನ ದೊಡ್ಡ ಬ್ಯಾಟರಿ (ತೀರ ಹಳೆಯ ಕೆಲವು ಗಾಡಿಗಳು 6 ವೋಲ್ಟಿನವು), ಪಂಪಿನಿಂದ ಟ್ಯಾಂಕಿಗೆ ಡೀಸೆಲ್ ಹಿಂದಿರುಗುವ ಕೊಳವೆ, ಇಂಜಿನ್ ನಿಲ್ಲಿಸುವ ತಂತಿ, ಇವೆಲ್ಲ ಬೇಕು. ಹಳೆಯ ಪೆಟ್ರೋಲ್ ಟ್ಯಾಂಕನ್ನು ಇಳಿಸಿ ತೊಳೆಸದಿದ್ದರೆ ಅದರ ತುಕ್ಕು ನೇರವಾಗಿ ಡೀಸೆಲ್ ಫಿಲ್ಟರಿಗೆ ಬಂದು ಕಟ್ಟುತ್ತದೆ.

ಇಷ್ಟೆಲ್ಲ ಮಾಡಿದರೆ ಲಾಭವೆಷ್ಟು? ಒಂದು ಕಾಲದಲ್ಲಿ ಡೀಸೆಲ್ ಬೆಲೆ ಪೆಟ್ರೋಲಿಗಿಂತ ಬಹಳ ಕೆಳಗಿತ್ತು. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರದ ನಿಯಂತ್ರಣವೂ, 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಮೇಲಿನ ನಿಯಂತ್ರಣವೂ ಹೋದುವು, ಅಂತರ ಕಿರಿದಾಯಿತು. ಉದಾಹರಣೆಗೆ ಪೆಟ್ರೋಲ್ ಲೀಟರಿಗೆ 100 ರೂ., ಡೀಸೆಲ್ 90 ರೂ. ಎಂದಿಟ್ಟುಕೊಳ್ಳಿ. ಗಾಡಿ ಪೆಟ್ರೋಲಿನಲ್ಲಿ 7 ಕಿ.ಮೀ., ಡೀಸೆಲಿನಲ್ಲಿ 11 ಕಿ.ಮೀ. ಕೊಡುತ್ತದೆನ್ನಿ. ಕಿಲೋಮೀಟರಿಗೆ ಸುಮಾರು 6 ರೂ. ಉಳಿಯುತ್ತದೆ. ಇಂಜಿನ್, ಅಚ್ಚು, ಕೂಲಿ ಸೇರಿ ಒಂದೂವರೆ ಲಕ್ಷ ಖರ್ಚಾದರೆ ಅದು ಹಿಂದಿರುಗಲು 25,000 ಕಿ.ಮೀ. ಓಡಬೇಕು. ವರ್ಷಕ್ಕೆ 3000 ಕಿ.ಮೀ. ಓಡಿಸುವ ರೈತರಿಗೆ ಇದು ಎಂಟು ವರ್ಷಕ್ಕಿಂತ ಹೆಚ್ಚು, ಸಾಲದ ಬಡ್ಡಿ ಬೇರೆ. ಅಂಥವರು ಇರುವ ಪೆಟ್ರೋಲ್ ಇಂಜಿನ್ನನ್ನೇ ಬೋರು ಮಾಡಿಸಿ, ಹೊಸ ಪಿಸ್ಟನ್, ರಿಂಗು ಹಾಕಿಸಿಕೊಳ್ಳುವುದು ಮೇಲು ಎಂದು ನನ್ನ ಅಭಿಪ್ರಾಯ. ದಿನವೂ ಸಂತೆ, ಮಂಡಿ ಎಂದು ಓಡುವ ಗಾಡಿಗೆ ಲೆಕ್ಕ ಬೇರೆಯಾಗಬಹುದು; ನಿಮ್ಮ ಊರಿನ ಬೆಲೆ ಹಾಕಿ ನೀವೇ ನೋಡಿಕೊಳ್ಳಿ.

ಹಣ ಕೊಡುವ ಮುನ್ನ ಕಾನೂನಿನ ಕಡೆಗೂ ನೋಡಬೇಕು. ನೋಂದಣಿ ಪತ್ರದಲ್ಲಿ ಇಂಜಿನ್ ಸಂಖ್ಯೆ, ಇಂಧನ, ಸಿ.ಸಿ. ಎಲ್ಲವೂ ದಾಖಲಾಗಿರುತ್ತವೆ. ಆ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ. ಬೇರೆ ಇಂಧನದ ಕಿಟ್ ಜೋಡಣೆಗೆ ನಿಬಂಧನೆಗಳೊಡನೆ ಅವಕಾಶವಿದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಲಮನ್ನು ಬಿಗಿಯಾಗಿ ಅರ್ಥೈಸಿತು. ಆದುದರಿಂದ ಇಂಜಿನ್ ಕೊಳ್ಳುವುದಕ್ಕೆ ಮೊದಲೇ ಸಾರಿಗೆ ಕಚೇರಿಗೆ ಅರ್ಜಿ ಕೊಟ್ಟು ಉತ್ತರವನ್ನು ಬರೆಹದಲ್ಲಿ ಪಡೆಯಿರಿ. ‘ಆಮೇಲೆ ಸರಿಮಾಡಿಸೋಣ’ ಎನ್ನುವ ಮಧ್ಯವರ್ತಿಯ ಮಾತು ಸಾಲದು. ಪತ್ರಕ್ಕೂ ಇಂಜಿನ್ನಿಗೂ ತಾಳೆಯಾಗದ ಗಾಡಿ ಅಪಘಾತಕ್ಕೀಡಾದರೆ ವಿಮೆಯವರು ತಕರಾರು ತೆಗೆಯುತ್ತಾರೆ. ಪರಿಹಾರ ನಿಮ್ಮ ಜಮೀನಿನ ಮೇಲೆ ಬಂದೀತು. ಒಪ್ಪಿಗೆ ಸಿಕ್ಕಿ ಕೆಲಸ ಮುಗಿದ ಮೇಲೆ 14 ದಿನದೊಳಗೆ ಬದಲಾವಣೆಯನ್ನು ವರದಿ ಮಾಡಿ ಪತ್ರದಲ್ಲಿ ದಾಖಲೆ ಮಾಡಿಸಬೇಕು. ಗುಜರಿಯ ಇಂಜಿನ್ ಕೊಳ್ಳುವಾಗ ಅದರ ಸಂಖ್ಯೆ ಉಜ್ಜಿ ಅಳಿಸಿದಂತೆ ಕಂಡರೆ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಬಿಲ್ಲಿನ ಜೊತೆಗೆ, ಆ ಇಂಜಿನ್ ಬಂದ ಗಾಡಿಯ ನೋಂದಣಿ ರದ್ದಾದ ಕಾಗದದ ಪ್ರತಿಯನ್ನೂ ಕೇಳಿ ಪಡೆಯಿರಿ.